ಭಾವನ ತಾರಸಿಗೆ ಸೋಲಾರ್ ಬೇಕಾ? ತುಮಕೂರಿನ ಒಂದು ಮನೆಯ ಪೂರ್ತಿ ಲೆಕ್ಕ

2025ರ ಅಕ್ಟೋಬರ್‌ನಲ್ಲಿ ಒಂದು ಸಂಜೆ ಅಕ್ಕ ಫೋನ್ ಮಾಡಿದಳು. "ನಿಮ್ಮ ಭಾವ ನಾಳೆ ಅಡ್ವಾನ್ಸ್ ಕೊಟ್ಟುಬಿಡ್ತಾರೆ ಕಣೋ. ಮೂರು ಲಕ್ಷ ಅಂತೆ. ಒಂದು ಸಲ ಬಂದು ನೋಡೋ" ಅಂದಳು. ಅವಳ ದನಿಯಲ್ಲಿ ಗಾಬರಿ ಇತ್ತು. ಆ ದುಡ್ಡು ಭಾವನ ನಿವೃತ್ತಿಯ ದುಡ್ಡು. ಭಾನುವಾರದ ತನಕ ತಡೆಯಿರಿ ಅಂತ ಭಾವನಿಗೆ ಹೇಳಿ, ಭಾನುವಾರ ಬೆಳಗ್ಗೆ ತುಮಕೂರಿಗೆ ಹೋದೆ.

ಆಮೇಲೆ ಮೂರು ವಾರ ನಾವಿಬ್ಬರೂ ಕೂತು ಮಾಡಿದ ಲೆಕ್ಕ ಇದು. ಹೀಗೊಂದು ಲೆಕ್ಕ ಎಲ್ಲಾದರೂ ಸಿಗುತ್ತದಾ ಅಂತ ನಾವು ತುಂಬಾ ಹುಡುಕಿದ್ದೆವು. ಸಿಕ್ಕಿದ್ದೆಲ್ಲ ಪ್ಯಾನೆಲ್ ಮಾರುವವರ ಲೆಕ್ಕ. ಅದಕ್ಕೇ ನಮ್ಮ ಲೆಕ್ಕವನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಭಾವ ಗಣಿತದ ಮೇಷ್ಟ್ರು. ಕೆಲಸದ ಅರ್ಧ ಕಾಲ ಪಾವಗಡ ತಾಲ್ಲೂಕಿನಲ್ಲಿ ಕಳೆದವರು. ಅಲ್ಲಿಯ ಸೋಲಾರ್ ಪಾರ್ಕ್ 2018ರಲ್ಲಿ ಶುರುವಾಗಿದ್ದನ್ನು ಕಣ್ಣಾರೆ ಕಂಡವರು. ಮಳೆ ಇಲ್ಲದೆ ಶೇಂಗಾ ಕೂಡ ಕೈಕೊಡುತ್ತಿದ್ದ ನೆಲ ಅದು. ಅಂಥ 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು, 2,050 ಮೆಗಾವ್ಯಾಟ್ ಕರೆಂಟ್ ಮಾಡುತ್ತಿದ್ದಾರೆ. "ಬರದ ಬಿಸಿಲು ಬೆಳೆ ಆಯ್ತು ನೋಡು" ಅಂತ ಭಾವ ಯಾವಾಗಲೂ ಹೇಳುತ್ತಾರೆ. ತಮ್ಮ ತಾರಸಿ ಮೇಲೂ ಅಂಥದ್ದೊಂದು ಇರಬೇಕು ಅನ್ನುವುದು ಅವರ ಬಹಳ ದಿನದ ಆಸೆ. ಈ ಆಸೆ ನನಗೆ ಇಷ್ಟ. ಅದಕ್ಕೇ ಲೆಕ್ಕ ಸರಿಯಾಗಿ ಮಾಡಬೇಕಿತ್ತು.

ಮನೆ 30-40 ಸೈಟಿನದು, ಒಂದೇ ಅಂತಸ್ತು. ಅಕ್ಕ, ಭಾವ, ಭಾವನ ತಾಯಿ, ಕಾಲೇಜಿಗೆ ಹೋಗುವ ಮಗ, ಒಟ್ಟು ನಾಲ್ಕು ಜನ. ಸ್ನಾನಕ್ಕೆ ಸೋಲಾರ್ ಹೀಟರ್ ಮೊದಲಿಂದ ಇದೆ. ಎರಡು ವರ್ಷದ ಹಿಂದೆ ಅಜ್ಜಿ ಊರಿಂದ ಬಂದರು. ಅವರಿಗೆ ಸೆಕೆ ತಡೆಯುವುದಿಲ್ಲ ಅಂತ ಅವರ ಕೋಣೆಗೆ ಒಂದು ಟನ್ ಎಸಿ ಬಂತು. ಮಗನಿಗೆ ಎಲೆಕ್ಟ್ರಿಕ್ ಸ್ಕೂಟರ್ ಬಂತು. ಇವೆರಡೂ ಬಂದ ಮೇಲೆ ಕರೆಂಟ್ ಬಿಲ್ ಕಥೆ ಬದಲಾಯಿತು.

ಮೊದಲು ಬಂದ ಕೊಟೇಶನ್

ಮನೆಗೆ ಬಂದಿದ್ದ ಹುಡುಗ 5 ಕಿಲೋವ್ಯಾಟ್ ಹಾಕಿಸಿ ಅಂದಿದ್ದ. ಬೆಲೆ 3 ಲಕ್ಷ. ತಾರಸಿ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ 78,000 ಕಳೆದರೆ 2,22,000. ವರ್ಷಕ್ಕೆ 7,000 ಯೂನಿಟ್ ಬರುತ್ತದೆ, ಯೂನಿಟ್‌ಗೆ 8 ರೂಪಾಯಿ ಹಿಡಿದರೆ 56,000 ಉಳಿತಾಯ, ನಾಲ್ಕು ವರ್ಷಕ್ಕೆ ದುಡ್ಡು ವಾಪಸ್, ಆಮೇಲೆ 21 ವರ್ಷ ಎಲ್ಲ ಲಾಭ. ಇಷ್ಟನ್ನು ಬಣ್ಣದ ಚಿತ್ರ ಸಮೇತ ಒಂದೇ ಹಾಳೆಯಲ್ಲಿ ಬರೆದುಕೊಟ್ಟಿದ್ದ.

7,000 ಯೂನಿಟ್ ಅನ್ನುವುದು ಸುಳ್ಳಲ್ಲ. ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ವರ್ಷಕ್ಕೆ 1,400ರಿಂದ 1,500. ತಪ್ಪಿದ್ದು ಆ 8 ರೂಪಾಯಿಯಲ್ಲಿ.

ಬಿಲ್ ತೆಗೆದು ನೋಡಿದೆವು. 2025ರ ಏಪ್ರಿಲ್‌ನಿಂದ ಮನೆ ಬಳಕೆಗೆ ಯೂನಿಟ್ ದರ 5 ರೂಪಾಯಿ 80 ಪೈಸೆ. ಅದರ ಮೇಲೆ 9 ಶೇಕಡಾ ತೆರಿಗೆ. ಜೊತೆಗೆ ವಿದ್ಯುತ್ ಕಂಪನಿ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ. ಎಲ್ಲ ಸೇರಿ 6 ರೂಪಾಯಿ 68 ಪೈಸೆ ಆಗುತ್ತದೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಎರಡನೇ ತಪ್ಪು ಇನ್ನೂ ದೊಡ್ಡದು. ಈ ಮನೆ ವರ್ಷಕ್ಕೆ ಬಳಸುವುದೇ ಸುಮಾರು 3,200 ಯೂನಿಟ್. ಉಳಿದ 3,800 ಯೂನಿಟ್ ಬೆಸ್ಕಾಂ ತಂತಿಗೆ ಹೋಗುತ್ತದೆ. ಅದಕ್ಕೆ ಸಿಗುವ ದರವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಗೊತ್ತು ಮಾಡುತ್ತದೆ. ನಾವು ಕೊಡುವ ದರಕ್ಕೂ ನಮಗೆ ಸಿಗುವ ದರಕ್ಕೂ ತುಂಬಾ ಅಂತರ ಇದೆ. ಸಬ್ಸಿಡಿ ಪಡೆದವರಿಗೆ ಇನ್ನೂ ಕಡಿಮೆ. ನಾವೇ ಬಳಸಿದ ಯೂನಿಟ್ ಮಾತ್ರ ಪೂರ್ತಿ ಬೆಲೆ ಉಳಿಸಿಕೊಡುತ್ತದೆ. ಇದೊಂದು ಮಾತು ಗೊತ್ತಿದ್ದರೆ ಎಷ್ಟೋ ಮನೆಗಳು ಬೇಕಾದ್ದಕ್ಕಿಂತ ದೊಡ್ಡ ಸೋಲಾರ್ ಹಾಕಿಸಿಕೊಳ್ಳುವುದು ತಪ್ಪುತ್ತದೆ.

ಆ ಹಾಳೆಯಲ್ಲಿ ಕರೆಂಟ್ ದರ ವರ್ಷಕ್ಕೆ 5 ಶೇಕಡಾ ಏರುತ್ತಾ ಹೋಗುತ್ತದೆ ಅಂತಲೂ ಇತ್ತು. ಭಾವ ಹಳೆಯ ಬಿಲ್ಲುಗಳನ್ನೆಲ್ಲ ದಾರದಲ್ಲಿ ಪೋಣಿಸಿ ಇಟ್ಟಿದ್ದರು. ಬಿಚ್ಚಿ ನೋಡಿದರೆ ಬೇರೆಯೇ ಕಥೆ. 2023-24ರಲ್ಲಿ 100 ಯೂನಿಟ್ ದಾಟಿದವರಿಗೆ ಯೂನಿಟ್‌ಗೆ 7 ರೂಪಾಯಿ ಇತ್ತು. 2024ರ ಏಪ್ರಿಲ್‌ನಲ್ಲಿ ಅದು 5.90ಕ್ಕೆ ಇಳಿಯಿತು. ಮರುವರ್ಷ 5.80. ಏರಿದ್ದು ನಿಗದಿತ ಶುಲ್ಕ. ಕಿಲೋವ್ಯಾಟ್‌ಗೆ 110 ಇದ್ದದ್ದು 120 ಆಯಿತು, ಆಮೇಲೆ 145. ಈ ಮನೆಯ ಮಂಜೂರಾದ ಲೋಡ್ 3 ಕಿಲೋವ್ಯಾಟ್, ಹಾಗಾಗಿ ತಿಂಗಳಿಗೆ 435 ರೂಪಾಯಿ. ತಾರಸಿ ಮೇಲೆ ಎಷ್ಟೇ ಪ್ಯಾನೆಲ್ ಹಾಕಿ, ಈ 435 ಕಟ್ಟಲೇಬೇಕು. ಅಂದರೆ ಸೋಲಾರ್ ಉಳಿಸಬಲ್ಲ ಭಾಗ ಇಳಿದಿದೆ, ಉಳಿಸಲಾಗದ ಭಾಗ ಏರಿದೆ. 25 ವರ್ಷಕ್ಕೆ ದರ ಹೀಗೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ವರ್ಷಕ್ಕೆ 5 ಶೇಕಡಾ ಏರುತ್ತದೆ ಅಂತ ನಂಬಿ ನಿವೃತ್ತಿಯ ದುಡ್ಡು ಹಾಕುವುದು ಸರಿಯಲ್ಲ.

ಕೊಟೇಶನ್ ಬಗ್ಗೆ ಇನ್ನೆರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್ ಮೇಲಿನ ಜಿಎಸ್‌ಟಿ 12 ಶೇಕಡಾದಿಂದ 5ಕ್ಕೆ ಇಳಿದಿದೆ. ಅಕ್ಟೋಬರ್‌ನ ಈ ಹಾಳೆಯಲ್ಲಿ ಹಳೆಯ ದರವೇ ಇತ್ತು. ಇನ್ನೊಂದು, ಸಬ್ಸಿಡಿ ಬೇಕಾದರೆ ಪ್ಯಾನೆಲ್ ಮಾತ್ರ ಅಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಅದನ್ನು ಡಿಸಿಆರ್ ಪ್ಯಾನೆಲ್ ಅನ್ನುತ್ತಾರೆ. ಹಾಳೆಯಲ್ಲಿ ಆ ಮಾತೇ ಇರಲಿಲ್ಲ. ಸಹಿ ಹಾಕುವ ಮೊದಲು ಇವೆರಡನ್ನೂ ಬರಹದಲ್ಲಿ ಕೇಳಿ ಪಡೆಯಿರಿ.

ತಾರಸಿ ಮೇಲೆ ಚಾಕ್‌ಪೀಸ್

ಪಕ್ಕದ ಸೈಟಿನಲ್ಲಿ, ನೈಋತ್ಯ ಮೂಲೆಗೆ ಎರಡು ತೆಂಗಿನ ಮರ ಇವೆ. ತುಮಕೂರಿನಲ್ಲಿ ತೆಂಗಿನ ಮರ ಇಲ್ಲದ ಬೀದಿ ಎಲ್ಲಿದೆ? ಕೊಟೇಶನ್ ಕೊಟ್ಟವರು ತಾರಸಿ ಹತ್ತಿ ನೋಡಿರಲಿಲ್ಲ. ಫೋನಿನಲ್ಲಿ ಉಪಗ್ರಹದ ಚಿತ್ರ ನೋಡಿ ಚದರಡಿ ಲೆಕ್ಕ ಹಾಕಿದ್ದರು.

ಭಾವ ಒಂದು ಡಬ್ಬಿ ಚಾಕ್‌ಪೀಸ್ ತಂದರು. ಬೆಳಗ್ಗೆ ಎಂಟರಿಂದ ಸಂಜೆ ಐದರ ತನಕ ಗಂಟೆಗೊಮ್ಮೆ ಮೇಲೆ ಹತ್ತಿ, ನೆರಳಿನ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆದರು. ಮಧ್ಯಾಹ್ನ ಎರಡೂವರೆಯ ತನಕ ತಾರಸಿ ಪೂರ್ತಿ ಬಿಸಿಲು. ಆಮೇಲೆ ಪಶ್ಚಿಮದ ಅರ್ಧಕ್ಕೆ ಗರಿಗಳ ನೆರಳು ಬರುತ್ತದೆ. ನೀರಿನ ಟ್ಯಾಂಕ್ ಮತ್ತು ಹೀಟರ್ ಕೂಡ ಒಂದಿಷ್ಟು ಜಾಗ ತಿನ್ನುತ್ತವೆ.

ಗರಿಯ ನೆರಳು ತೆಳ್ಳಗೆ ಇರುತ್ತದೆ, ಅದರಿಂದೇನು ಅಂತ ಅನ್ನಿಸಬಹುದು. ಆದರೆ ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಂದರ ಮೇಲೆ ನೆರಳು ಬಿದ್ದರೆ ಸಾಲಿನ ಮಿಕ್ಕವೂ ಸೊರಗುತ್ತವೆ. ನೀರಿನ ಪೈಪ್ ಒಂದು ಕಡೆ ಬಗ್ಗಿದರೆ ಕೊನೆಯಲ್ಲಿ ನೀರು ಸಣ್ಣಗೆ ಬರುತ್ತದಲ್ಲ, ಹಾಗೆ.

ಚಳಿಗಾಲದಲ್ಲಿ ಇದು ಜಾಸ್ತಿಯಾಗುತ್ತದೆ. ತುಮಕೂರು ಇರುವುದು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ಕ್ಕೆ ನಡುಮಧ್ಯಾಹ್ನವೂ ಸೂರ್ಯ 53 ಡಿಗ್ರಿಗಿಂತ ಮೇಲೆ ಬರುವುದಿಲ್ಲ, ದಕ್ಷಿಣಕ್ಕೆ ವಾಲಿರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಅವನು ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆಗ ನೈಋತ್ಯದ ಮರದಿಂದ ಅಷ್ಟು ತೊಂದರೆ ಇಲ್ಲ. ವರ್ಷದ ಲೆಕ್ಕಕ್ಕೆ ದಕ್ಷಿಣಕ್ಕೆ ಮುಖ ಮಾಡಿ ಹತ್ತು-ಹದಿಮೂರು ಡಿಗ್ರಿ ಓರೆ ಸಾಕು.

ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಬೇಕು. ನೆರಳಿಲ್ಲದ ಪೂರ್ವದ ಭಾಗದಲ್ಲಿ, ಬಟ್ಟೆ ಒಣಗಿಸುವ ಜಾಗ ಬಿಟ್ಟು, 200 ಚದರಡಿ ಸಿಕ್ಕಿತು. ಅಂದರೆ ನಾಲ್ಕು ದೊಡ್ಡ ಪ್ಯಾನೆಲ್, 2 ಕಿಲೋವ್ಯಾಟ್. 5 ಕಿಲೋವ್ಯಾಟ್ ಮಾತು ಅಲ್ಲಿಗೆ ಮುಗಿಯಿತು.

2 ಕಿಲೋವ್ಯಾಟ್ ಲೆಕ್ಕ

ಇನ್ನೊಂದು ಕಡೆಯಿಂದ 2 ಕಿಲೋವ್ಯಾಟ್‌ಗೆ ಬೆಲೆ ಕೇಳಿದೆವು. 1,40,000 ಅಂದರು. ಕೇಂದ್ರದ ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಅಲ್ಲಿಗೆ 78,000 ಆಗುತ್ತದೆ, ಆಮೇಲೆ ಎಷ್ಟೇ ದೊಡ್ಡದು ಹಾಕಿಸಿದರೂ ಅಷ್ಟೇ. ಈ ಮನೆಗೆ 60,000 ಸಿಗುತ್ತದೆ. ಕೈಯಿಂದ ಹೋಗುವುದು 80,000.

ನೆರಳು, ದೂಳು ಎಲ್ಲ ಕಳೆದು ವರ್ಷಕ್ಕೆ 2,700 ಯೂನಿಟ್ ಹಿಡಿದೆವು. ಎಲ್ಲವೂ ಮನೆಯ ಬಳಕೆಗೇ ವಜಾ ಆಗುತ್ತದೆ. 6.68ರಿಂದ ಗುಣಿಸಿದರೆ ಸುಮಾರು 18,000 ರೂಪಾಯಿ. ನಾಲ್ಕೂವರೆ ವರ್ಷಕ್ಕೆ ಹಾಕಿದ ದುಡ್ಡು ಬರುತ್ತದೆ. ಪ್ಯಾನೆಲ್ 25 ವರ್ಷ ಬಾಳುತ್ತದೆ, ವರ್ಷಕ್ಕೆ ಅರ್ಧ ಶೇಕಡಾಕ್ಕಿಂತ ಸ್ವಲ್ಪ ಜಾಸ್ತಿ ಶಕ್ತಿ ಕುಂದುತ್ತದೆ. ಪ್ಯಾನೆಲ್‌ನ ಕರೆಂಟನ್ನು ಮನೆಗೆ ಹೊಂದುವಂತೆ ಬದಲಿಸುವ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಹತ್ತು-ಹನ್ನೆರಡು ವರ್ಷಕ್ಕೆ ಹೊಸದು ಬೇಕು. ಅದನ್ನು ಕಳೆದರೂ ಲೆಕ್ಕ ಚೆನ್ನಾಗಿಯೇ ಇತ್ತು.

ಭಾವನ ಮುಖ ಅರಳಿತು. "ಮತ್ತೆ? ಹಾಕಿಸೋಣ ಅಲ್ವಾ?" ಅಂದರು. ನಾನೂ ಹೂಂ ಅನ್ನುವವನಿದ್ದೆ.

ಅಕ್ಕ ಕಾಫಿ ಲೋಟ ಇಡುತ್ತಾ ಒಂದು ಮಾತು ಕೇಳಿದಳು. "ಅಜ್ಜಿ ಬರೋ ಮುಂಚೆ ನಮಗೆ ಬಿಲ್ಲೇ ಬರ್ತಿರಲಿಲ್ಲ. ಅದನ್ಯಾಕೆ ಯಾರೂ ಲೆಕ್ಕ ಹಾಕ್ತಿಲ್ಲ?"

ಇಡೀ ಪ್ರಕರಣ ಆ ಪ್ರಶ್ನೆಯಿಂದ ತಿರುಗಿತು.

ಅಕ್ಕನ ಪ್ರಶ್ನೆ

2023ರ ಆಗಸ್ಟ್‌ನಿಂದ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದಿದೆ. ಅದರ ನಿಯಮ ಎಲ್ಲರಿಗೂ ಅರ್ಧಂಬರ್ಧ ಗೊತ್ತು. 200 ಯೂನಿಟ್ ತನಕ ಫ್ರೀ ಅಂತಾರೆ. ಇಂಥ ಮನೆಗೆ ಅದು ಹೀಗಿದೆ: 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ 10 ಶೇಕಡಾ ಸೇರಿಸಿದ್ದು ಆ ಮನೆಯ ಮಿತಿ. ಮಿತಿಯೊಳಗೆ ಇದ್ದರೆ ಬಿಲ್ ಸೊನ್ನೆ. ನಿಗದಿತ ಶುಲ್ಕವೂ ಇಲ್ಲ. ಮಿತಿ ದಾಟಿ 200ರ ಒಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಮುಂದಿನ ತಿಂಗಳು ಮತ್ತೆ ಕೆಳಗೆ ಬಂದರೆ ಮತ್ತೆ ಸೊನ್ನೆ.

ಅಕ್ಕನ ಮನೆಯ 2022-23ರ ಸರಾಸರಿ 172 ಯೂನಿಟ್. ಮಿತಿ 189. ಈಗ ಬಳಸುತ್ತಿರುವುದು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ 335ರ ಹತ್ತಿರ, ಮಿಕ್ಕ ಒಂಬತ್ತು ತಿಂಗಳು 244ರ ಹತ್ತಿರ. ವರ್ಷಕ್ಕೆ ಕಟ್ಟುವುದು ಸುಮಾರು 26,600 ರೂಪಾಯಿ.

244ಕ್ಕೂ 189ಕ್ಕೂ ನಡುವೆ ಇರುವುದು 55 ಯೂನಿಟ್. ಆ 55 ಯೂನಿಟ್ ಇಳಿಸಿದರೆ ಉಳಿಯುವುದು 55 ಯೂನಿಟ್‌ನ ದುಡ್ಡಲ್ಲ, ಇಡೀ 2,065 ರೂಪಾಯಿಯ ಬಿಲ್. ಭಾವ ಹಾಳೆ ಮೇಲೆ ಈ ಎರಡು ಅಂಕಿಯನ್ನು ಬರೆದು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತರು.

ಕರೆಂಟ್ ಎಲ್ಲಿಗೆ ಹೋಗುತ್ತಿದೆ ಅಂತ ನೋಡಲು ಪ್ಲಗ್‌ಗೆ ಹಾಕುವ ಸಣ್ಣ ಮೀಟರ್ ತಂದೆವು. ಮೊದಲು ಫ್ರಿಜ್. 2008ರಲ್ಲಿ ತಗೊಂಡಿದ್ದು. ಬಾಗಿಲಿನ ರಬ್ಬರ್ ಸಡಿಲಾಗಿದೆ. ದಿನಕ್ಕೆ 2.1 ಯೂನಿಟ್ ತಿನ್ನುತ್ತಿತ್ತು. ತಿಂಗಳಿಗೆ 63. ಇಷ್ಟನ್ನು ನಾವು ಯಾರೂ ಊಹಿಸಿರಲಿಲ್ಲ.

ಫ್ಯಾನ್ ಕಥೆಯೂ ಹಾಗೇ. ಐದು ಹಳೆಯ ಫ್ಯಾನ್, ಒಂದೊಂದೂ 75 ವ್ಯಾಟ್. ಅಜ್ಜಿಯ ಕೋಣೆಯದು ಹಗಲೂ ರಾತ್ರಿ ತಿರುಗುತ್ತದೆ. ಎಲ್ಲ ಸೇರಿ ದಿನಕ್ಕೆ 40 ಗಂಟೆ. ಅಂದರೆ ದಿನಕ್ಕೆ 3 ಯೂನಿಟ್, ತಿಂಗಳಿಗೆ 90. ಫ್ಯಾನ್ ಎಷ್ಟು ತಿನ್ನುತ್ತೆ ಬಿಡು ಅನ್ನುತ್ತೇವೆ. ಈ ಮನೆಯಲ್ಲಿ ಅದೇ ಎಲ್ಲಕ್ಕಿಂತ ಜಾಸ್ತಿ.

ಸ್ಕೂಟರ್‌ಗೆ 22 ಯೂನಿಟ್. ಟಿವಿ, ಸೆಟ್‌ಟಾಪ್ ಬಾಕ್ಸ್, ವೈಫೈ ಸೇರಿ 20. ಮಿಕ್ಸಿ, ವಾಷಿಂಗ್ ಮೆಷೀನ್, ಇಸ್ತ್ರಿಗೆ 15. ಸಂಪಿನ ಮೋಟಾರ್ 12, ದೀಪಗಳು 12, ಮೋಡದ ದಿನ ಹಾಕುವ ಗೀಸರ್ 10. ಕೂಡಿಸಿದರೆ ಬಿಲ್ಲಿನ 244ಕ್ಕೆ ಸರಿಹೋಯಿತು. ಭಾವನಿಗೆ ತುಂಬಾ ಖುಷಿಯಾಯಿತು.

ಈಗ ಬದಲಿ ಲೆಕ್ಕ. ಬಿಎಲ್‌ಡಿಸಿ ಅನ್ನುವ, ಕಡಿಮೆ ಕರೆಂಟ್ ತಿನ್ನುವ ಮೋಟಾರಿನ 28 ವ್ಯಾಟ್ ಫ್ಯಾನ್ ಐದು, ತಲಾ 3,000. ಫ್ಯಾನಿನ 90 ಯೂನಿಟ್ 34ಕ್ಕೆ ಇಳಿಯುತ್ತದೆ. ಹೊಸ ಫ್ರಿಜ್ 26,000. ಅದರ 63 ಯೂನಿಟ್ 21ಕ್ಕೆ ಇಳಿಯುತ್ತದೆ. ಒಟ್ಟು 41,000 ಖರ್ಚು, ತಿಂಗಳಿಗೆ 98 ಯೂನಿಟ್ ಕಡಿಮೆ. 244 ಇದ್ದದ್ದು 146. ಮಿತಿಗಿಂತ ಎಷ್ಟೋ ಕೆಳಗೆ. ಒಂಬತ್ತು ತಿಂಗಳು ಬಿಲ್ ಸೊನ್ನೆ.

ಬೇಸಿಗೆಯ ಮೂರು ತಿಂಗಳು ಕಷ್ಟ. 335 ಇದ್ದದ್ದು 237 ಆಗುತ್ತದೆ. 200 ದಾಟಿತು, ಪೂರ್ತಿ ಬಿಲ್. ತಿಂಗಳಿಗೆ ಸುಮಾರು 2,020. ಎಸಿಯನ್ನು 24ರ ಬದಲು 26-27ಕ್ಕೆ ಇಟ್ಟು ಫ್ಯಾನ್ ಹಾಕಿದರೆ ಇನ್ನೊಂದಿಷ್ಟು ಇಳಿಯುತ್ತದೆ. ಒಂದು ಡಿಗ್ರಿಗೆ ಸುಮಾರು 6 ಶೇಕಡಾ ಉಳಿತಾಯ. ಆದರೆ 81 ವರ್ಷದ ಅಜ್ಜಿಯ ನಿದ್ದೆ ಕೆಡಿಸಿ ಯೂನಿಟ್ ಉಳಿಸುವ ಮಾತನ್ನು ನಾವು ಲೆಕ್ಕಕ್ಕೆ ತರಲಿಲ್ಲ. ಎಸಿ ಅವರಿಗೆ ಬೇಕಾದಷ್ಟು ಹೊತ್ತು ಓಡಲಿ ಅಂತಲೇ ಇಟ್ಟೆವು.

ಹೀಗಾದರೆ ವರ್ಷದ ಬಿಲ್ 26,600ರಿಂದ ಸುಮಾರು 6,050ಕ್ಕೆ ಬರುತ್ತದೆ. ಉಳಿತಾಯ 20,500. 41,000 ಎರಡೇ ವರ್ಷಕ್ಕೆ ವಾಪಸ್. 80,000 ಹಾಕಿದ ಸೋಲಾರ್ ಉಳಿಸುತ್ತಿದ್ದುದು 18,000.

ಇದರ ಮೇಲೆ ಸೋಲಾರ್ ಕೂಡ ಹಾಕಿಸಿದರೆ? ಅದಕ್ಕೆ ಉಳಿಸಲು ಉಳಿದಿರುವುದು ಮೂರು ಬೇಸಿಗೆ ತಿಂಗಳ ಯೂನಿಟ್ ದುಡ್ಡು ಮಾತ್ರ. ಸುಮಾರು 4,750. ಮಿಕ್ಕ ತಿಂಗಳು ಪ್ಯಾನೆಲ್ ಮಾಡುವ ಕರೆಂಟ್, ಹೇಗೂ ಫ್ರೀ ಬರುವ ಕರೆಂಟಿನ ಜಾಗಕ್ಕೆ ಬರುತ್ತದೆ. ಹೆಚ್ಚಾದದ್ದಕ್ಕೆ ಬೆಸ್ಕಾಂ ಕೊಡುವುದು ಪುಡಿಗಾಸು. 80,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು 6.5 ಶೇಕಡಾ ಬಡ್ಡಿ ಸಿಕ್ಕರೆ ವರ್ಷಕ್ಕೆ 5,200 ಬರುತ್ತದೆ. ಅಸಲೂ ಉಳಿಯುತ್ತದೆ.

ಸೋಲಾರ್ ಹಾಕಿಸಿದವರ ಬಿಲ್ಲಿಗೆ ಗೃಹಜ್ಯೋತಿ ಸೇರಿಸಿ ಲೆಕ್ಕ ತೋರಿಸುವವರೂ ಇದ್ದಾರೆ. ನಾವು ಸೋಲಾರ್ ದಾರಿಯಲ್ಲಿ ಗೃಹಜ್ಯೋತಿಯ ಒಂದು ರೂಪಾಯಿಯನ್ನೂ ಹಿಡಿಯಲಿಲ್ಲ. ನಿಮ್ಮ ಮೀಟರ್‌ಗೆ ಏನು ಅನ್ವಯಿಸುತ್ತದೆ ಅಂತ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಕೊಟ್ಟು, ಬರಹದಲ್ಲಿ ಕೇಳಿಕೊಳ್ಳಿ. ಮಾರುವವರ ಬಾಯಿಮಾತು ಸಾಲದು.

ಭಾವನ ಆಕ್ಷೇಪ

ಭಾವ ಸುಲಭಕ್ಕೆ ಒಪ್ಪಲಿಲ್ಲ. ಅವರ ಮಾತಿನಲ್ಲಿ ಹುರುಳಿತ್ತು.

"ಗೃಹಜ್ಯೋತಿ ಎಷ್ಟು ವರ್ಷ ಇರುತ್ತೆ ಹೇಳು ನೋಡೋಣ. ಸರ್ಕಾರ ಬದಲಾದರೆ? ಪ್ಯಾನೆಲ್ 25 ವರ್ಷ ಇರುತ್ತೆ ಕಣಯ್ಯ."

ಸರಿ, ಗೃಹಜ್ಯೋತಿ ನಿಂತುಹೋಯಿತು ಅಂತಲೇ ಲೆಕ್ಕ ಹಾಕಿದೆವು. ಫ್ಯಾನ್, ಫ್ರಿಜ್ ಬದಲಾಯಿಸಿದ ಮನೆ ವರ್ಷಕ್ಕೆ ಬಳಸುವುದು ಸುಮಾರು 2,025 ಯೂನಿಟ್. ಆಗ 2 ಕಿಲೋವ್ಯಾಟ್ ಸೋಲಾರ್ ಸುಮಾರು 13,500 ಉಳಿಸುತ್ತದೆ. ಸಬ್ಸಿಡಿ ಇದ್ದರೆ ಆರು ವರ್ಷಕ್ಕೆ ದುಡ್ಡು ವಾಪಸ್. ಆಗ ಹಾಕಿಸಬಹುದು.

ಆದರೆ ಆಗ ಸಬ್ಸಿಡಿ ಇರುತ್ತದಾ? ಪಿಎಂ ಸೂರ್ಯ ಘರ್ ಯೋಜನೆಗೆ 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಾಗ 75,021 ಕೋಟಿ ರೂಪಾಯಿ ಇಟ್ಟರು. ಗುರಿ ಒಂದು ಕೋಟಿ ಮನೆ, ಗಡುವು 2026-27. ಅದು ಮುಗಿದ ಮೇಲೆ ಗೃಹಜ್ಯೋತಿ ನಿಂತರೆ ಈ ಮನೆ 1,40,000 ಪೂರ್ತಿ ಕೊಡಬೇಕು. ದುಡ್ಡು ವಾಪಸ್ ಬರಲು ಹತ್ತು ವರ್ಷ. ಕಾಯುವುದರಿಂದ ಆಗಬಹುದಾದ ನಷ್ಟ ಇದು. ಇದನ್ನು ನಾನು ಸಣ್ಣದು ಮಾಡಿ ಹೇಳುವುದಿಲ್ಲ. ಒಂದು ಸರ್ಕಾರದ ಯೋಜನೆ ಬೇಗ ಹಾಕಿಸು ಅನ್ನುತ್ತದೆ. ಇನ್ನೊಂದು ಸರ್ಕಾರದ ಯೋಜನೆ ಹಾಕಿಸುವ ಅಗತ್ಯವನ್ನೇ ತೆಗೆದುಬಿಡುತ್ತದೆ. ಇವೆರಡರ ನಡುವೆ ಕರ್ನಾಟಕದ ಮಧ್ಯಮ ವರ್ಗದ ಮನೆ ಸಿಕ್ಕಿಕೊಂಡಿದೆ.

ಭಾವನ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಇದೆ. "ಎಲ್ಲಾನೂ ದುಡ್ಡಲ್ಲೇ ಅಳೆಯೋದಾ? ಫ್ರೀ ಅಂದರೆ ಯಾರೋ ಕಟ್ತಿದ್ದಾರೆ ಅಂತ ಅರ್ಥ. ರಾಯಚೂರಲ್ಲಿ ಕಲ್ಲಿದ್ದಲು ಉರೀತಾನೇ ಇರುತ್ತೆ" ಅಂದರು. ಅವರು ಹೇಳಿದ್ದು ನಿಜ. ಪ್ಯಾನೆಲ್ ಹಾಕಿಸಿದರೆ ವರ್ಷಕ್ಕೆ 2,700 ಯೂನಿಟ್ ಬಿಸಿಲಿನಿಂದ ಬರುತ್ತದೆ. ಫ್ಯಾನ್ ಮತ್ತು ಫ್ರಿಜ್‌ನಿಂದ ಉಳಿಯುವುದು ಸುಮಾರು 1,176. ದುಡ್ಡು ಕೈಯಲ್ಲಿ ಧಾರಾಳವಾಗಿದ್ದರೆ, ಗಾಳಿಗೂ ನೆಲಕ್ಕೂ ಒಳ್ಳೆಯದಾಗಲಿ ಅಂತ ಹಾಕಿಸುವುದು ಒಳ್ಳೆಯ ಕೆಲಸ. ಅಂಥವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಈ ಮನೆಯಲ್ಲಿ ಮಗನ ಫೀಸು ಇದೆ, ಅಜ್ಜಿಯ ಔಷಧಿ ಇದೆ. 80,000 ಇಲ್ಲಿ ದೊಡ್ಡ ದುಡ್ಡು.

ಅಕ್ಕನಿಗೆ ಇನ್ನೊಂದು ಆಸೆ ಇತ್ತು. ಸೋಲಾರ್ ಬಂದರೆ ಕರೆಂಟ್ ಹೋದಾಗಲೂ ಮಿಕ್ಸಿ ಹಾಕಬಹುದು ಅಂದುಕೊಂಡಿದ್ದಳು. ಹಾಗಾಗುವುದಿಲ್ಲ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಬ್ಯಾಟರಿ ಇಲ್ಲದ, ಬೆಸ್ಕಾಂ ತಂತಿಗೆ ಸೇರಿಸಿದ ಸೋಲಾರ್. ಕರೆಂಟ್ ಹೋದ ಕೂಡಲೇ ಅದೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟ್ ಹೊಡೆಯುತ್ತದೆ. ಮನೆಯಲ್ಲಿರುವ ಹಳೆಯ ಯುಪಿಎಸ್ ಹೇಗೂ ದೀಪ, ಫ್ಯಾನ್ ನಡೆಸುತ್ತದೆ. 28 ವ್ಯಾಟ್‌ನ ಫ್ಯಾನ್ ಹಾಕಿದರೆ ಅದೇ ಬ್ಯಾಟರಿ ಇನ್ನೂ ಜಾಸ್ತಿ ಹೊತ್ತು ಬರುತ್ತದೆ. ಇದು ಅಕ್ಕನಿಗೆ ತುಂಬಾ ಇಷ್ಟವಾಯಿತು.

ಎದುರು ಮನೆಗೆ ಬೇರೆ ಉತ್ತರ

ಈ ಲೆಕ್ಕ ನೋಡಿ ಸೋಲಾರ್ ದಂಡ ಅಂತ ಯಾರೂ ತಿಳಿಯಬಾರದು. ಎದುರು ಮನೆಯಲ್ಲಿ ಕೂಡು ಕುಟುಂಬ, ಒಂಬತ್ತು ಜನ, ಎರಡು ಎಸಿ. ತಿಂಗಳಿಗೆ 480 ಯೂನಿಟ್. ಏನೇ ಮಾಡಿದರೂ 200ರ ಒಳಗೆ ಬರುವುದಿಲ್ಲ. ಗೃಹಜ್ಯೋತಿ ಅವರ ಪಾಲಿಗೆ ಇಲ್ಲವೇ ಇಲ್ಲ. ತಾರಸಿಗೆ ಯಾವ ಮರದ ನೆರಳೂ ಇಲ್ಲ. ಅವರಿಗೆ 4 ಕಿಲೋವ್ಯಾಟ್‌ಗೆ 2,40,000 ಬೆಲೆ ಬಂತು. ಸಬ್ಸಿಡಿ ಕಳೆದು 1,62,000. ವರ್ಷಕ್ಕೆ ಸುಮಾರು 5,600 ಯೂನಿಟ್, ಎಲ್ಲವೂ ಮನೆಗೇ ಬೇಕು. ಉಳಿತಾಯ 37,400. ಹತ್ತಿರ ಹತ್ತಿರ ನಾಲ್ಕೂಕಾಲು ವರ್ಷಕ್ಕೆ ದುಡ್ಡು ವಾಪಸ್. ತಡ ಮಾಡಬೇಡಿ ಅಂತ ಭಾವನೇ ಹೋಗಿ ಹೇಳಿ ಬಂದರು. ಅವರು ಹಾಕಿಸಿದರು. ಅದರ ಕೆಲಸ ನಡೆಯುವಾಗ ಭಾವ ದಿನವೂ ಹೋಗಿ ನಿಂತು ನೋಡುತ್ತಿದ್ದರಂತೆ.

ನನಗೆ ತೋರುವಂತೆ, ಇವತ್ತಿನ ಕರ್ನಾಟಕದಲ್ಲಿ ಮೊದಲ ಪ್ರಶ್ನೆ ಪ್ಯಾನೆಲ್ ಯಾವ ಕಂಪನಿಯದು ಅನ್ನುವುದಲ್ಲ. ನಿಮ್ಮ ಗೃಹಜ್ಯೋತಿ ಮಿತಿ ಎಷ್ಟು, ಹನ್ನೆರಡು ತಿಂಗಳಲ್ಲಿ ಎಷ್ಟು ತಿಂಗಳು ಅದನ್ನು ದಾಟುತ್ತೀರಿ, ಎಷ್ಟು ದಾಟುತ್ತೀರಿ. 300 ಯೂನಿಟ್‌ಗಿಂತ ಕೆಳಗಿನ ಮನೆ ಮೊದಲು ಫ್ರಿಜ್, ಫ್ಯಾನ್ ನೋಡಬೇಕು. 400 ದಾಟಿದ ಮನೆ ತಾರಸಿ ನೋಡಬೇಕು. ನಡುವಿನವರು ನಮ್ಮ ಹಾಗೆ ಮೂರು ವಾರ ಕೂರಬೇಕು.

ಈಗ ಏನಾಗಿದೆ

ನವೆಂಬರ್‌ನಲ್ಲಿ ಫ್ಯಾನ್ ಬದಲಾದವು. ಅದೇ ತಿಂಗಳ ಕೊನೆಗೆ ಫ್ರಿಜ್ ಬಂತು. ಡಿಸೆಂಬರ್ ಪೂರ್ತಿ ಬಳಕೆ 139 ಯೂನಿಟ್. ಜನವರಿಯದು 142. ಎರಡೂ ಸಲ ಬಿಲ್ ಸೊನ್ನೆ. ಚಳಿಗಾಲ ಆದ್ದರಿಂದ ಫ್ಯಾನ್ ಕಡಿಮೆ ತಿರುಗಿದೆ, ಅದನ್ನು ಮರೆಯಬಾರದು. ನಿಜವಾದ ಪರೀಕ್ಷೆ ಮಾರ್ಚ್‌ನಿಂದ.

ಭಾವ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರೆ. ಗೃಹಜ್ಯೋತಿ ನಿಯಮ ಬದಲಾದರೆ, ಅಥವಾ ವರ್ಷದಲ್ಲಿ ಐದು ತಿಂಗಳು 200 ದಾಟಿದರೆ, ಅಥವಾ ಮನೆಗೆ ಎಲೆಕ್ಟ್ರಿಕ್ ಕಾರು ಬಂದರೆ, ಕೊಟೇಶನ್ ಮತ್ತೆ ತರಿಸುವುದು. ಏನೂ ಆಗದಿದ್ದರೂ 2026ರ ಜೂನ್‌ನಲ್ಲಿ ಬೇಸಿಗೆಯ ಮೂರು ಬಿಲ್ ಇಟ್ಟುಕೊಂಡು ಮತ್ತೊಮ್ಮೆ ಲೆಕ್ಕ ಹಾಕುವುದು. ಸಬ್ಸಿಡಿ ಗಡುವಿಗೆ ಆಗಲೂ ಒಂಬತ್ತು ತಿಂಗಳು ಇರುತ್ತದೆ.

ಡಿಸೆಂಬರ್ 21ರಂದು ಅವರು ಮತ್ತೆ ಚಾಕ್‌ಪೀಸ್ ಹಿಡಿದು ತಾರಸಿ ಹತ್ತಿದರು. ನೆರಳು ಅಕ್ಟೋಬರ್‌ಗಿಂತ ಮುಕ್ಕಾಲು ಗಂಟೆ ಮೊದಲೇ ಬಂತಂತೆ. ಆದರೂ ಪೂರ್ವದ 200 ಚದರಡಿಯನ್ನು ಮುಟ್ಟಲಿಲ್ಲ. ಆ ಜಾಗದ ನಾಲ್ಕು ಮೂಲೆಗೂ ಬಣ್ಣದಲ್ಲಿ ಗುರುತು ಹಾಕಿದ್ದಾರೆ. ಅಲ್ಲಿ ಬೇರೇನೂ ಇಡಬಾರದು ಅಂತ ಅಕ್ಕನಿಗೆ ಹೇಳಿದ್ದಾರೆ. ಸದ್ಯಕ್ಕೆ ಅಕ್ಕ ಅಲ್ಲಿ ಹಪ್ಪಳ ಒಣಗಿಸುತ್ತಿದ್ದಾಳೆ.